ಹಂಪ್ ದಾಟಿದ ಮೇಲೆ

ಅವನನ್ನು ಪೇಟೆಯ ಅಂಗಡಿಯವರೆಲ್ಲ ಬ್ರೆಡ್ಡಣ್ಣ ಎನ್ನುತ್ತಿದ್ದರು. ನಿಜಕ್ಕೂ ಬ್ರೆಡ್ ಮಾಡುತ್ತಿದ್ದವಳು ಅವನ ಅಕ್ಕ. ಬೇಕರಿ ಅವಳದು, ಓವನ್ನಿನ ಕಾವಿಗೆ ಮುಖ ಕೆಂಪಾಗಿಸಿಕೊಳ್ಳುವವಳೂ ಅವಳೇ. ಟ್ರೇಗಳನ್ನು ವ್ಯಾನಿಗೆ ಪೇರಿಸಿಕೊಂಡು ಅಂಗಡಿ ಅಂಗಡಿಗೆ ಹಂಚಿ ಬರುವುದಷ್ಟೇ ತಮ್ಮನ ಕೆಲಸ. "ಹಿಟ್ಟು ನಾದೋಳು ನಾನು, ಹೆಸರು ಹೊತ್ಕೊಂಡು ಓಡಾಡೋನು ಇವನು," ಎಂದು ಅವಳು ಗಿರಾಕಿಗಳ ಮುಂದೆ ದೂರುತ್ತಿದ್ದಳು. ಆ ದೂರಿನಲ್ಲಿ ಹೆಮ್ಮೆಯೇ ಹೆಚ್ಚು. ವ್ಯಾನು ಖಾಲಿ ಟ್ರೇಗಳ ಸದ್ದು ಮಾಡಿಕೊಂಡು ವಾಪಸಾಯಿತೆಂದರೆ ಎದುರಿನ ಸಲೂನಿನವನು ಆಕಳಿಸುತ್ತ ಶಟರ್ ಎತ್ತುತ್ತಿದ್ದ. ಬ್ರೆಡ್ಡಣ್ಣ ಅಷ್ಟು ಹೊತ್ತಿಗೆ ಸರಿಯಾಗಿ ನಡೆಯುವ ಮನುಷ್ಯ.

ಒಂದು ಬೆಳಿಗ್ಗೆ ಶಾಲೆಯ ಗೇಟಿನ ಮುಂದಿನ ಹಂಪ್ ಮೇಲೆ ವ್ಯಾನು ದಡಕ್ ಎಂದಿತು. ದಿನವೂ ಎನ್ನುವ ದಡಕ್ಕೇ. ಆದರೆ ಅಂದು ತಲೆಯಲ್ಲಿ ಒಂದು ಮಾತು ಎದ್ದು ಕುಳಿತಿತು: ಅದು ಹಂಪೋ, ಯಾರದಾದರೂ ಮೈಯೋ? ಕನ್ನಡಿಯಲ್ಲಿ ನೋಡಿದ. ರಸ್ತೆ ಖಾಲಿ. ಕನ್ನಡಿಗೆ ಕಾಣದ ಕಡೆ ಬಿದ್ದಿದ್ದರೆ? ಮುಂದಿನ ತಿರುವಿನಲ್ಲಿ ವ್ಯಾನು ತಿರುಗಿಸಿ ಬಂದು, ಇಳಿದು, ಚರಂಡಿಯವರೆಗೂ ಇಣುಕಿದ. ಯಾರೂ ಇರಲಿಲ್ಲ. ಉಸ್ಸೆಂದು ಹೊರಟವನಿಗೆ ಸ್ವಲ್ಪ ದೂರ ಹೋದಮೇಲೆ ಇನ್ನೊಂದು ಹೊಳೆಯಿತು. ನೋಡಲು ವಾಪಸ್ ಬರುವಾಗ ಅದೇ ಹಂಪ್ ಮತ್ತೆ ದಡಕ್ ಎಂದಿತ್ತಲ್ಲ, ಆಗ?

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ಗುಂಡಿ, ಇಟ್ಟಿಗೆ ಚೂರು, ರಸ್ತೆಗೆ ಹಾರಿ ಬಂದ ರಟ್ಟಿನ ಡಬ್ಬ, ಯಾವುದರ ಮೇಲೆ ಚಕ್ರ ಹತ್ತಿದರೂ ಅವನು ವಾಪಸ್ ಹೋಗಬೇಕು. ತಾನು ಮಾಡುತ್ತಿರುವುದು ಹುಚ್ಚಾಟ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಸ್ಟೀರಿಂಗ್ ತಿರುಗಿಸದಿದ್ದರೆ ಎದೆ ಕಿತ್ತು ಬಾಯಿಗೆ ಬರುತ್ತಿತ್ತು. ಬೆಳಗಿನ ಸುತ್ತು ಮಧ್ಯಾಹ್ನಕ್ಕೆ ಬೆಳೆಯಿತು.

"ಬ್ರೆಡ್ಡಣ್ಣ, ನೀನು ತರೋ ಹೊತ್ತಿಗೆ ಬ್ರೆಡ್ಡು ರಸ್ಕ್ ಆಗಿರುತ್ತಲ್ಲಪ್ಪ," ಎಂದ ಹಾಲಿನ ಅಂಗಡಿಯ ಮುದುಕ.

"ಪಂಕ್ಚರ್ ಆಗಿತ್ತು ಯಜಮಾನ್ರೇ."

ಅಕ್ಕ ನಾಲ್ಕೂ ಚಕ್ರಕ್ಕೆ ಹೊಸ ಟೈರ್ ಹಾಕಿಸಿದಳು. ಪಂಕ್ಚರ್ ನಿಲ್ಲಲಿಲ್ಲ.

ಸುತ್ತು ಮುಗಿದ ಮೇಲೆ ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಲೆ ಹುಡುಕುತ್ತಿದ್ದ. ಆಮೇಲೆ ಠಾಣೆಗೆ ಫೋನ್ ಮಾಡಿ, ಹೆಸರು ಹೇಳದೆ, ಎಲ್ಲಾದರೂ ಅಪಘಾತ ಆಗಿದೆಯಾ ಎಂದು ಕೇಳುತ್ತಿದ್ದ. ಬರಬರುತ್ತ ಅಲ್ಲಿನ ಕಾನ್‌ಸ್ಟೇಬಲ್‌ಗೆ ದನಿ ಗುರುತಾಯಿತು. "ಇವತ್ತೂ ಯಾರೂ ಸತ್ತಿಲ್ಲ ಕಣಣ್ಣ, ಹೋಗಿ ಊಟ ಮಾಡು," ಎಂದು ಅವನೇ ಮೊದಲು ಹೇಳಿಬಿಡುತ್ತಿದ್ದ.

ಹೆಂಡತಿಗೆ ಇದಾವುದೂ ತಿಳಿದಿರಲಿಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದವಳು. ಒಂದು ಸಂಜೆ ಅವನು, "ಸ್ಕೂಟರ್ ತೆಗಿ, ಒಂದು ಸುತ್ತು ಹೋಗ್ಬರೋಣ," ಎಂದ. ಎಷ್ಟೋ ಕಾಲದ ಮೇಲೆ ಗಂಡ ಹೊರಗೆ ಕರೆಯುತ್ತಿದ್ದಾನೆಂದು ಅವಳು ತಲೆ ಬಾಚಿ, ಬಟ್ಟೆ ಬದಲಿಸಿ ಬಂದಳು. ಅವನು ಅವಳನ್ನು ಕರೆದೊಯ್ದದ್ದು ಶಾಲೆಯ ಮುಂದಿನ ಹಂಪಿಗೆ. ಅಲ್ಲಿ ಬಗ್ಗಿ ಡಾಂಬರು ನೋಡತೊಡಗಿದ.

"ಏನ್ ಕಳ್ಕೊಂಡ್ರಿ?"

"ಏನೂ ಇಲ್ಲ. ಇಲ್ಲಿ ಯಾರೂ ಬಿದ್ದಿಲ್ಲ ಅಲ್ವಾ? ನೀನು ನೋಡಿ ಹೇಳು."

ಅವಳಿಗೆ ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡಳು. "ಯಾರೂ ಬಿದ್ದಿಲ್ಲ ರೀ."

ಅವನ ಹೆಗಲು ಇಳಿಯಿತು. ಮನೆಯ ಗೇಟು ತಲುಪುವಷ್ಟರಲ್ಲಿ ಮತ್ತೆ ಏರಿತು. "ಸರಿಯಾಗಿ ನೋಡಿದ್ಯಾ?"

ಅಲ್ಲಿಂದ ಅವಳಿಗೆ ಸಂಜೆಯೆಂಬುದು ಇಲ್ಲವಾಯಿತು. ಅಂಗಡಿಯಿಂದ ಬಂದವಳೇ ಗಂಡನನ್ನು ಹಿಂದೆ ಕೂರಿಸಿಕೊಂಡು ಅವನು ಬೆಳಿಗ್ಗೆ ಹೋದ ದಾರಿಯನ್ನೆಲ್ಲ ತಿರುಗಬೇಕು. ಯಾರೂ ಬಿದ್ದಿಲ್ಲ, ಯಾರೂ ಸತ್ತಿಲ್ಲ ಎಂದು ಹೇಳಿ ಹೇಳಿ ಅವಳ ನಾಲಿಗೆ ಸವೆಯಿತು. ಹಾಸಿಗೆಯಲ್ಲಿ ಅವನು ಮಗ್ಗುಲು ಬದಲಿಸಿದರೆ ಇವಳಿಗೂ ಎಚ್ಚರ.

ಕೊನೆಗೊಂದು ದಿನ ಅವನು ವ್ಯಾನಿನ ಕೀಲಿಯನ್ನು ಅಕ್ಕ ಹಿಟ್ಟು ನಾದುತ್ತಿದ್ದ ಮೇಜಿನ ಮೇಲಿಟ್ಟ. "ನನ್ ಕೈಲಾಗಲ್ಲ ಅಕ್ಕ. ಯಾರನ್ನಾದ್ರೂ ಕೊಂದ್ಬಿಡ್ತೀನಿ."

"ಇರುವೆ ಕಂಡ್ರೂ ಬ್ರೇಕ್ ಹಾಕೋನು ನೀನು. ಕೊಲ್ತಾನಂತೆ." ಹಾಗೆಂದಳೇ ಹೊರತು ಅಕ್ಕನ ಕೈ ಹಿಟ್ಟಿನಲ್ಲೇ ನಿಂತುಬಿಟ್ಟಿತು. ಅವಳ ಕಣ್ಣು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಯತ್ತ ಹೋಯಿತು. ಆಕೆ ಹೌದೆಂದು ತಲೆಯಾಡಿಸಿದಳು. ಹಿಂದಿನ ಕಥೆಯೆಲ್ಲ ಆಗ ಹೊರಬಂತು.

ಮನೋವೈದ್ಯೆ ಇದಕ್ಕೆ ಗೀಳು ಕಾಯಿಲೆ ಎಂದು ಹೆಸರು ಹೇಳಿದರು. ತನ್ನೊಬ್ಬನಿಗೇ ಬಂದದ್ದಲ್ಲ, ಇದಕ್ಕೊಂದು ಹೆಸರಿದೆ ಎಂದು ತಿಳಿದೇ ಅವನಿಗೆ ಅರ್ಧ ಹೊರೆ ಇಳಿದಂತಾಯಿತು. ಉಳಿದರ್ಧ ಜಗ್ಗಲಿಲ್ಲ. ಮಾತ್ರೆಗಳು ಗೀಳಿನ ಮೊನೆಯನ್ನು ಮೊಂಡು ಮಾಡಿದವು, ಆಪ್ತಸಮಾಲೋಚನೆ ಒಂದಿಷ್ಟು ದಾರಿ ತೋರಿಸಿತು; ಸ್ಟೀರಿಂಗ್ ಮುಟ್ಟಿದರೆ ಮಾತ್ರ ಮತ್ತದೇ ನಡುಕ. ಬೇಕರಿಗೆ ಬೇರೆ ಡ್ರೈವರ್ ಬಂದ. ಬ್ರೆಡ್ಡಣ್ಣ ಹಿಂದಿನ ಕೋಣೆಯಲ್ಲಿ ಬನ್ನುಗಳನ್ನು ಕವರಿಗೆ ತುಂಬುತ್ತ ಕೂತ.

ಆಗ ಡಾಕ್ಟರು ಅಯಸ್ಕಾಂತದ ಚಿಕಿತ್ಸೆಯ ಮಾತೆತ್ತಿದರು. ಅಂದು ಅಕ್ಕನೂ ಜೊತೆಗೆ ಬಂದಿದ್ದಳು.

"ತಲೆಗೆ ಕರೆಂಟ್ ಕೊಡ್ತೀರಾ?"

"ಇಲ್ಲಮ್ಮ, ಆ ಚಿಕಿತ್ಸೆ ಬೇರೆ. ಇದ್ರಲ್ಲಿ ತಲೆ ಮೇಲೆ ಒಂದು ಟೊಪ್ಪಿ ಥರದ್ದು ಇಡ್ತೀವಿ. ಅದ್ರೊಳಗಿನ ಸುರುಳಿಯಿಂದ ಅಯಸ್ಕಾಂತದ ಮಿಡಿತ ಹೋಗುತ್ತೆ. ಇವ್ರ ಮೆದುಳಲ್ಲಿ ಕಾವಲು ಕಾಯೋ ಭಾಗ ಇದೆಯಲ್ಲ, ಅದು ಅತಿಯಾಗಿ ಬೊಗಳ್ತಿದೆ. ಅದನ್ನ ಹದಕ್ಕೆ ತರೋ ಪ್ರಯತ್ನ. ಎಚ್ಚರವಾಗೇ ಇರ್ತಾರೆ. ಮುಗಿದ ಮೇಲೆ ಎದ್ದು ನಡ್ಕೊಂಡು ಮನೆಗೆ ಹೋಗ್ಬಹುದು."

"ವಾಸಿ ಆಗುತ್ತೆ ಅಂತ ಮಾತು ಕೊಡ್ತೀರಾ?"

"ಕೊಡಲ್ಲ. ಕೆಲವ್ರಿಗೆ ಚೆನ್ನಾಗಿ ಹಿಡಿಯುತ್ತೆ, ಕೆಲವ್ರಿಗೆ ಅರ್ಧಂಬರ್ಧ, ಕೆಲವ್ರಿಗೆ ಏನೂ ಇಲ್ಲ."

ಹೊರಗೆ ಬಂದ ಮೇಲೆ ಅಕ್ಕ, "ಈಯಮ್ಮ ಸುಳ್ಳು ಹೇಳಲ್ಲ. ಮಾಡಿಸ್ಕೋ," ಎಂದಳು.

ತಲೆಯೊಳಗೆ ಲೋಹದ ಚೂರು ಇದೆಯಾ, ಯಾವತ್ತಾದರೂ ಫಿಟ್ಸ್ ಬಂದಿತ್ತಾ ಎಂದೆಲ್ಲ ಕೇಳಿ, ಪರೀಕ್ಷೆ ಮಾಡಿ, ಚಿಕಿತ್ಸೆ ಶುರು ಮಾಡಿದರು. ಕೋಣೆಯಲ್ಲಿ ಹಲ್ಲಿನ ಡಾಕ್ಟರ ಬಳಿ ಇರುವಂಥ ಕುರ್ಚಿ. ಯಂತ್ರ ನಡೆಸುವವಳು ಮೆಲುದನಿಯ ಹೆಂಗಸು. ಅವಳಿಗೊಂದು ವಿಚಿತ್ರ ಕೆಲಸವಿತ್ತು. ಯಂತ್ರ ಚಾಲೂ ಮಾಡುವ ಮುನ್ನ ಅವನ ಗೀಳನ್ನು ಕೆಣಕಿ ಎಬ್ಬಿಸಬೇಕು. ಎಚ್ಚೆತ್ತ ನಾಯಿಯನ್ನೇ ಪಳಗಿಸಲು ಸಾಧ್ಯ ಎಂದು ಡಾಕ್ಟರು ವಿವರಿಸಿದ್ದರು.

"ಸಾರ್, ಕ್ಷಮಿಸಿ," ಎಂದು ಅವಳು ಶುರು ಮಾಡುತ್ತಿದ್ದಳು. "ನೀವು ಹಂಪ್ ದಾಟಿದ್ರಿ. ದಡಕ್ ಅಂತು. ನೀವು ವಾಪಸ್ ಹೋಗಿ ನೋಡ್ಲಿಲ್ಲ. ಅಲ್ಲಿ ಯಾರೋ ಬಿದ್ದಿರಬಹುದು ಸಾರ್."

ಅವನ ಅಂಗೈ ಬೆವರುತ್ತಿತ್ತು. ಆಗ ಅವಳು ಕಿವಿಗೆ ಬಿರಡೆ ಕೊಟ್ಟು, ಟೊಪ್ಪಿ ಕೂರಿಸಿ, ಗುಂಡಿ ಒತ್ತುತ್ತಿದ್ದಳು. ಟಕಟಕಟಕ. ನೆತ್ತಿಯ ಮೇಲೆ ಯಾರೋ ಬೆರಳ ಗೆಣ್ಣಿನಿಂದ ಕುಟ್ಟಿದಂತೆ. ದವಡೆ ತಾನಾಗಿ ಬಿಗಿಯುತ್ತಿತ್ತು. ನಡುವೆ ಬಿಡುವು, ಮತ್ತೆ ಟಕಟಕ. ಮೊದಮೊದಲು ತಲೆನೋವು ಬರುತ್ತಿತ್ತು.

"ಕೊಲೆಗಾರ ಅಂತಾಳೆ, ಜೊತೆಗೆ ಸಾರ್ ಅಂತಾಳೆ," ಎಂದು ಅವನು ಮನೆಗೆ ಬಂದು ಹೇಳಿದ. "ಅಷ್ಟು ಮರ್ಯಾದೆಯಿಂದ ನನ್ನನ್ನ ಯಾರೂ ಬೈದಿಲ್ಲ."

ಹೆಂಡತಿಗೆ ಡಾಕ್ಟರು ಕೊಟ್ಟ ಕೆಲಸ ಇದಕ್ಕಿಂತ ಕಷ್ಟದ್ದು. "ಯಾರೂ ಬಿದ್ದಿಲ್ಲ ಅಂತ ಹೇಳ್ತೀರಲ್ಲ, ಅದು ತುರಿಕೆ ಕೆರೆದ ಹಾಗೆ. ಆ ಕ್ಷಣ ಹಿತ, ಆಮೇಲೆ ಹುಣ್ಣು. ಇನ್ಮೇಲೆ ಉತ್ತರ ಕೊಡ್ಬೇಡಿ," ಎಂದಿದ್ದರು. ಈಗ ಅವನು ವ್ಯಾನು ಓಡಿಸದಿದ್ದರೂ ಹಳೆಯ ದಿನಗಳನ್ನೇ ಕೆದಕಿ ಕೇಳುತ್ತಿದ್ದ.

"ಆವತ್ತು ಶಾಲೆ ಹತ್ರ ಯಾರಿಗೂ ಏನೂ ಆಗಿಲ್ಲ ಅಲ್ವಾ?"

"ಗೊತ್ತಿಲ್ಲ ರೀ."

"ಗೊತ್ತಿಲ್ಲ ಅಂದ್ರೆ? ನೀನೇ ನೋಡಿದ್ಯಲ್ಲ."

"ಡಾಕ್ಟರ್ ಹೇಳಬಾರದು ಅಂದಿದಾರೆ."

"ಒಂದೇ ಒಂದ್ಸಲ ಹೇಳು."

ಅವಳು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಒಂದು ಮಾತಿಗೆ ಅವನ ಉಸಿರು ಹಗುರಾಗುತ್ತದೆಂದು ಗೊತ್ತಿದ್ದೂ ಬಾಯಿ ಹೊಲಿದುಕೊಂಡಿರುವುದು ಅವಳಿಗೆ ಬೆಂಕಿ ನುಂಗಿದಂತಾಗುತ್ತಿತ್ತು. ಅವಳ ಬಳಿ ಸಿಗದ ಉತ್ತರವನ್ನು ಅವನು ಬೇಕರಿಗೆ ಹೋಗಿ ಅಕ್ಕನಿಂದ ಗಿಟ್ಟಿಸಿಕೊಂಡ. "ಏನೂ ಆಗಿಲ್ಲ ಬಿಡೋ," ಎಂದುಬಿಟ್ಟಿದ್ದಳು ಆಕೆ. ಸುದ್ದಿ ತಿಳಿದು ಹೆಂಡತಿ ನೇರ ಬೇಕರಿಗೆ ನಡೆದಳು. ಮದುವೆಯಾಗಿ ಬಂದಂದಿನಿಂದ ಅತ್ತಿಗೆಗೆ ಎದುರಾಡಿದವಳಲ್ಲ.

"ಅತ್ತಿಗೆ, ನಾನು ಒಂದು ಕಡೆ ಕಟ್ಟೆ ಕಟ್ತಾ ಇದ್ರೆ ನೀವು ಇನ್ನೊಂದು ಕಡೆ ಒಡೀತೀರಲ್ಲ."

"ಅವನ ಮುಖ ನೋಡಕ್ಕಾಗ್ಲಿಲ್ಲ ಕಣೇ."

"ನಾನು ದಿನಾ ನೋಡ್ತಿಲ್ವಾ?"

ಅಕ್ಕ ಕೈಗಂಟಿದ ಹಿಟ್ಟು ಉಜ್ಜುತ್ತ, "ಸರಿ. ಇನ್ಮೇಲೆ ಕೇಳಿದ್ರೆ ಹಿಟ್ಟಿನ ಮೂಟೆ ಹೊರಿಸ್ತೀನಿ," ಎಂದಳು. ಹಾಗೇ ಮಾಡಿದಳು. ಅವನು ಬಾಯಿ ತೆರೆದರೆ ಮೂಟೆ ತೋರಿಸುತ್ತಿದ್ದಳು. ಆ ತಿಂಗಳು ಗೋದಾಮು ಎಂದೂ ಇಲ್ಲದಷ್ಟು ಓರಣವಾಗಿತ್ತು.

ವಾರಗಳು ಕಳೆದವು. ಏನೂ ಬದಲಾದಂತೆ ಅವನಿಗೆ ಅನ್ನಿಸಲಿಲ್ಲ. "ತಲೆ ಮೇಲೆ ಮರಕುಟಿಗ ಕೂರಿಸ್ಕೊಂಡಿದ್ದೇ ಬಂತು. ಸಾಕು, ಬಿಟ್ಬಿಡ್ತೀನಿ," ಎಂದ. ಹೆಂಡತಿ ವಾದಕ್ಕಿಳಿಯಲಿಲ್ಲ. ಸ್ಕೂಟರ್ ಹೊರತೆಗೆದು, "ಹತ್ತಿ," ಎಂದಳು.

ಆಸ್ಪತ್ರೆಯ ದಾರಿಯಲ್ಲಿ ಅಡ್ಡ ಬಂದ ಸೈಕಲ್ಲನ್ನು ತಪ್ಪಿಸಲು ಹೋಗಿ ಅವಳು ಚಕ್ರವನ್ನು ದೊಡ್ಡ ಗುಂಡಿಗೆ ಇಳಿಸಿಬಿಟ್ಟಳು. ಇಬ್ಬರೂ ಸೀಟಿನಿಂದ ಎಗರಿ ಕೂತರು. ಇನ್ನೇನು ಅವನು ಹೆಗಲು ತಟ್ಟಿ, ನಿಲ್ಲಿಸು, ವಾಪಸ್ ಹೋಗು ಎನ್ನುತ್ತಾನೆಂದು ಅವಳು ಬೆನ್ನು ಸೆಟೆಸಿ ಕಾದಳು. ಹೆಗಲಿಗೆ ಕೈ ಬಿತ್ತು.

"ಆ ಅಂಗಡಿ ನೋಡ್ದ್ಯಾ? ನಮ್ ಬ್ರೆಡ್ಡನ್ನ ಬಿಸಿಲಲ್ಲಿ ಇಟ್ಟಿದಾನೆ. ಹೊಸ ಡ್ರೈವರ್ ಒಂದು ಮಾತು ಹೇಳಬಾರದಾ?"

ಗುಂಡಿಯ ಮಾತು ತಾನಾಗಿ ಎತ್ತಿದರೆ ಎಲ್ಲಿ ನೆನಪಾಗಿಬಿಡುತ್ತದೋ ಎಂಬ ಭಯ ಅವಳಿಗೆ. ಎದುರುಗಾಳಿಗೆ ಕಣ್ಣಲ್ಲಿ ನೀರು ಬರುತ್ತಿದೆ ಎಂದುಕೊಂಡು ಓಡಿಸಿದಳು. ಆಸ್ಪತ್ರೆಯ ಮುಂದೆ ನಿಂತಾಗಲೂ ಅವನು ಬ್ರೆಡ್ಡಿನ ವಿಷಯವೇ ಮಾತಾಡುತ್ತಿದ್ದ.

ಅದರ ಮುಂದಿನ ದಿನಗಳಲ್ಲಿ ಅವಳು ಗಮನಿಸುತ್ತ ಹೋದಳು. ಪ್ರಶ್ನೆಗಳು ಕಡಿಮೆಯಾದವು. ಕೇಳಿದರೂ ಉತ್ತರಕ್ಕೆ ಕಾಯದೆ ಅವನೇ, "ಹೋಗ್ಲಿ ಬಿಡು," ಎನ್ನುತ್ತಿದ್ದ. ಯಂತ್ರದವಳು ತನ್ನ ಎಂದಿನ ಮಾತು ಶುರು ಮಾಡಿದಾಗ ಒಮ್ಮೆ ಅವನಿಗೆ ನಗು ಬಂತಂತೆ. "ಹೊಸದೇನಾದ್ರೂ ಹೇಳಿ ಮೇಡಂ, ಇದು ಹಳೇದಾಯ್ತು," ಎಂದನಂತೆ. ಅವಳೂ ನಕ್ಕು, ಆಮೇಲೆ ನಕ್ಕಿದ್ದಕ್ಕೆ ಕ್ಷಮೆ ಕೇಳಿದಳಂತೆ.

ಚಿಕಿತ್ಸೆ ಮುಗಿಯಿತು. ಮಾತ್ರೆ ಮುಂದುವರಿಯಿತು. ಈಗ ವ್ಯಾನು ಓಡಿಸಬಹುದು, ವಾಪಸ್ ತಿರುಗಬೇಕೆನಿಸಿದರೂ ತಿರುಗಬಾರದು ಎಂದು ಡಾಕ್ಟರು ಹೇಳಿದರು. ಹೊಸ ಡ್ರೈವರ್ ರಜೆ ಹಾಕಿದ ಒಂದು ಬೆಳಿಗ್ಗೆ ಅಕ್ಕ ಕೀಲಿಯನ್ನು ತಮ್ಮನ ಅಂಗೈಗೆ ಹಾಕಿದಳು. ಹೆಂಡತಿ ಕನ್ನಡಕದ ಅಂಗಡಿಗೆ ರಜೆ ಹೇಳಿ ಪಕ್ಕದ ಸೀಟಿನಲ್ಲಿ ಕೂತಳು. ಹಿಂದಿನಿಂದ ಬಿಸಿ ಬ್ರೆಡ್ಡಿನ ವಾಸನೆ ತೇಲಿ ಬರುತ್ತಿತ್ತು.

ಶಾಲೆ ಬಂತು. ದಡಕ್.

ಸ್ಟೀರಿಂಗ್ ಹಿಡಿದ ಅವನ ಬೆರಳು ಬಿಳುಪಾದವು. ಅವಳು ಮುಂದಿನ ರಸ್ತೆಯನ್ನೇ ನೋಡುತ್ತ ಕೇಳಿದಳು, "ಬಂತಾ?"

"ಬಂತು."

"ಏನಂತೆ?"

"ಅದೇ ಹಳೇ ರಾಗ." ಅವನು ಉಸಿರು ಬಿಟ್ಟ. "ಆದ್ರೆ ದನಿ ಸಣ್ಣಗಾಗಿದೆ ಕಣೇ. ಪಕ್ಕದ ಮನೆ ರೇಡಿಯೋ ಥರ."

ತಿರುವು ಬಂತು. ಅವನು ವ್ಯಾನನ್ನು ತಿರುಗಿಸಲಿಲ್ಲ. ಹಾಲಿನ ಅಂಗಡಿಯ ಮುದುಕ ಇವನನ್ನು ಕಂಡು ಎದ್ದು ಬಂದು, ಬ್ರೆಡ್ಡನ್ನು ಒತ್ತಿ ನೋಡಿ, "ಮೆತ್ತಗಿದೆ," ಎಂದ. ಅಷ್ಟೇ ಹೇಳಿದ್ದು. ಆದರೂ ಟ್ರೇ ಇಳಿಸಲು ತಾನೂ ಒಂದು ಕೈ ಕೊಟ್ಟ.

ಮೂರ್ನಾಲ್ಕು ಅಂಗಡಿ ಆಗುವಷ್ಟರಲ್ಲಿ ಅವಳ ಕಣ್ಣು ಎಳೆಯತೊಡಗಿತು. ಗಂಡನನ್ನು ಕಾಯಬೇಕು, ಮಲಗಬಾರದು ಎಂದುಕೊಂಡಳು. ಬಿಸಿಲು ಕಿಟಕಿಯಿಂದ ಮಡಿಲಿಗೆ ಬಿದ್ದಿತ್ತು, ಎಂಜಿನ್ನು ಗುರುಗುಟ್ಟುತ್ತಿತ್ತು. ಎಷ್ಟೋ ತಿಂಗಳ ನಿದ್ದೆ ಒಟ್ಟಿಗೇ ಬಂದು ಅವಳನ್ನು ಹೊತ್ತುಕೊಂಡು ಹೋಯಿತು. ಗುಂಡಿಗಳೂ ತಿರುವುಗಳೂ ಅವಳಿಗೆ ತಿಳಿಯಲಿಲ್ಲ. ಅವನು ಒಬ್ಬನೇ ಇಳಿದ, ಹತ್ತಿದ, ಇಳಿದ.

ಎಚ್ಚರವಾದಾಗ ವ್ಯಾನು ಒಂದು ಮರದ ನೆರಳಲ್ಲಿ ನಿಂತಿತ್ತು. ಅವಳು ಗಾಬರಿಯಿಂದ ಹಿಂದೆ ತಿರುಗಿ ನೋಡಿದಳು. ಟ್ರೇಗಳೆಲ್ಲ ಖಾಲಿ. ಅವನು ಕಾಲು ಚಾಚಿಕೊಂಡು ಬನ್ನು ತಿನ್ನುತ್ತಿದ್ದ.

"ಎಲ್ಲಾ ಅಂಗಡಿನೂ ಆಯ್ತಾ? ನನ್ನ ಎಬ್ಬಿಸೋದಲ್ವಾ?"

"ಎಬ್ಬಿಸಿದ್ರೆ ಏಳೋ ಗೊರಕೆನಾ ಅದು? ಸಿಗ್ನಲ್ಲಲ್ಲಿ ಪಕ್ಕದ ಲಾರಿಯವನು ಎಂಜಿನ್ ಕೆಟ್ಟಿದೆಯಾ ಅಂತ ಕೇಳಿದ."

"ಸುಳ್ಳು," ಎಂದು ಅವಳು ಅವನ ಕೈಯಿಂದ ಬನ್ನು ಕಿತ್ತುಕೊಂಡು ಕಚ್ಚಿದಳು. ಹೊಟ್ಟೆ ಚೆನ್ನಾಗಿ ಹಸಿದಿತ್ತು. ಅವನು ಕವರಿನಿಂದ ತನಗೆ ಇನ್ನೊಂದು ತೆಗೆದುಕೊಂಡ.