ಅಂದಾನಪ್ಪನವರ ಗುಣಿ

ಹೆಣ ಹೊರುವ ವಿಮಾನ ಕಟ್ಟಿದ್ದಕ್ಕೆ ಹನ್ನೆರಡು ಸಾವಿರ, ಹೂವಿಗೆ ಎಂಟು, ತಮ್ಮ ಅಕ್ಕಿ ಗಿರಣಿಯ ಮುಂದೆ ಸಮಾಧಿಗೆಂದು ತರಿಸಿದ ಬಿಳಿ ಕಲ್ಲಿಗೆ ಎರಡು ಲಕ್ಷ. ಎಲ್ಲ ಕೊಟ್ಟು ಮುಗಿಸಿದ ಮನೋಹರ್, ತಂದೆ ಅಂದಾನಪ್ಪನವರನ್ನು ಕೂರಿಸಿದ್ದ ವಿಮಾನಕ್ಕೆ ಹೆಗಲು ಕೊಡುತ್ತಿದ್ದಾಗ ತಾಯಿ ಸುವರ್ಣಮ್ಮ ಅಡ್ಡ ನಿಂತರು.

"ಗಿರಣಿ ಹತ್ರ ಬ್ಯಾಡ. ಹಳೇ ಊರಿಗೆ ನಡೀರಿ."

ಹಲಗೆ ಬಡಿಯುತ್ತಿದ್ದವನ ಕೈ ನಿಂತಿತು. ಹಳೇ ಊರು ತುಂಗಭದ್ರಾ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿ ಎಪ್ಪತ್ತು ವರ್ಷವಾಗಿತ್ತು. ಈಗ ಬೇಸಿಗೆಯೆಂದು ಅದರ ಮುರುಕು ಗೋಡೆಗಳು ಹೊರಬಿದ್ದಿದ್ದವು, ಅಷ್ಟೆ.

"ಅವ್ವಾ, ತಲಿ ಕೆಟ್ಟೈತೇನು? ಮಳಿಗಾಲಕ್ಕ ಮತ್ತ ನೀರು ಬರ್ತೈತಿ. ಮೂರು ಸಲ ಎಮ್ಮೆಲ್ಲೆ ಆದೋರು! ನಾಳೆ ನಾ ಎಲೆಕ್ಷನ್‌ಗೆ ನಿಂತ್ರ ಎಲ್ಲಿಗಿ ಹೋಗಿ ಮಾಲಿ ಹಾಕ್ಲಿ?"

"ಅಲ್ಲೇ ಇಡಬೇಕಂತ ನನ್ನ ಕೈಯಾಗ ಆಣಿ ಮಾಡಿಸ್ಕಂಡಾರ. ಜೀವ ಇದ್ದಾಗ ಅಲ್ಲಿಗೆ ಹೋಗೋ ಧೈರ್ಯ ಆಗಲಿಲ್ಲಪ್ಪ ಅವರಿಗೆ."

ಪಕ್ಷದ ಮಲ್ಲಿಕಾರ್ಜುನ್ ಮೆಲ್ಲಗೆ ಅಂದ: "ಮಂತ್ರಿಗಳು ಗಿರಣಿ ಹತ್ರ ಬರ್ತಾರ್ರಿ, ಅಮ್ಮಾ."

"ಅಲ್ಲಿಗೇ ಬರಲಿ. ಮಂತ್ರಿ ಚಪ್ಲಿಗೆ ಕೆಸರು ಹತ್ತಬಾರದೇನು?"

*

ಊರು ಬಿಡಲು ಡಂಗುರ ಹೊಡೆದಾಗ ಅಂದಾನಪ್ಪನಿಗೆ ಇಪ್ಪತ್ತಾರು. ಗುಡಿಕಟ್ಟೆ ಹತ್ತಿ ಕೂಗಿದ್ದ: "ಸರ್ಕಾರ ಬದಲಿ ಜಮೀನು ಕೊಡೋತನಕ ಯಾರೂ ಏಳಬ್ಯಾಡ್ರಿ. ನೀರು ಇಲ್ಲಿತನಕ ಬರಂಗಿಲ್ಲ. ನಾ ಅದೀನಿ!"

ಜನ ನಂಬಿ ಕುಳಿತರು. ನೀರು ಬಂತು. ಎತ್ತು ಬಿಚ್ಚಲು ಹೋದ ಗುಡ್ಡಪ್ಪ ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಆ ಸಾವಿನ ಗದ್ದಲಕ್ಕೆ ಉಳಿದವರಿಗೆ ಜಮೀನು ಸಿಕ್ಕಿತು, ಅಂದಾನಪ್ಪನಿಗೆ ಟಿಕೆಟ್ಟು. ಎಮ್ಮೆಲ್ಲೆ ಅಂದಾನಪ್ಪನವರು ಗುಡ್ಡಪ್ಪನ ಹೆಸರನ್ನು ಪ್ರತಿ ಭಾಷಣದಲ್ಲೂ ಹೇಳಿದರು. ಅವನ ಮನೆ ಹೊಸ್ತಿಲು ಮಾತ್ರ ತುಳಿಯಲಿಲ್ಲ.

*

ವಿಮಾನ ಹಳೇ ಊರಿಗೆ ಇಳಿಯಿತು. ಜೀಪುಗಳು ಕೆಸರಿಗೆ ಹೆದರಿ ದಂಡೆಯಲ್ಲೇ ನಿಂತವು. ಬಿಳಿ ಬಟ್ಟೆಯ ಪಕ್ಷದವರೂ ನಿಂತರು. ಗುಡಿಕಟ್ಟೆಯ ಬಳಿ ಗುಣಿ ತೋಡುವ ಹೊತ್ತಿಗೆ ಗುಡ್ಡಪ್ಪನ ಮಗಳು, ಎಂಬತ್ತರ ಹೊಳೆಮ್ಮ, ಸುದ್ದಿ ತಿಳಿದು ಬಂದು ಕುಳಿತಿದ್ದಳು.

ಮನೋಹರ್ ಕೈ ಮುಗಿದ. "ಇಲ್ಲಿ ಮಣ್ಣು ಮಾಡಬಹುದೇನವ್ವ?"

"ನನ್ನೇನು ಕೇಳ್ತಿ? ನಮ್ಮಪ್ಪ ಇಲ್ಲೇ ಎಲ್ಲೋ ಅದಾನ, ಅವನ್ನ ಕೇಳು."

ಸುವರ್ಣಮ್ಮ ಹೋಗಿ ಅವಳ ಮುಂದೆ ನೆಲದ ಮೇಲೆ ಕುಳಿತರು. ಹೊಳೆಮ್ಮ ಸುವರ್ಣಮ್ಮನ ಮುಖವನ್ನೇ ನೋಡಿದಳು.

"ಕುಂದ್ರಸ್ರಿ," ಅಂದಳು ಕೊನೆಗೆ. "ಮುಖ ನೀರಿನ ಕಡೆ ಇರಲಿ."

ಸಂಸ್ಕಾರ ಮಾಡಿಸುತ್ತಿದ್ದ ಜಂಗಮಯ್ಯ, ಶಾಸ್ತ್ರದ ದಿಕ್ಕು ಬೇರೆಯೆಂದು ಮಾತೆತ್ತಿದ. ಸುವರ್ಣಮ್ಮ ಕೈ ಎತ್ತಿ ತಡೆದರು. ಹೆಣವನ್ನು ತಿರುಗಿಸಿ ಕೂರಿಸಿದರು.

ಗುಣಿ ಮುಚ್ಚಿದ ಮೇಲೆ ಗುರುತಿಗೊಂದು ಕಲ್ಲು ಇಡಲು ಮನೋಹರ್ ಬಗ್ಗಿದ.

"ನಮ್ಮಪ್ಪಗ ಯಾರಿಟ್ಟಾರ?" ಅಂದಳು ಹೊಳೆಮ್ಮ.

ಅವನು ಕಲ್ಲನ್ನು ಎತ್ತದೆ ಬಿಟ್ಟ.

ಜುಲೈನಲ್ಲಿ ನೀರು ಏರಿತು. ಅಂದಾನಪ್ಪನವರನ್ನು ಸರಿಯಾಗಿ ಎಲ್ಲಿ ಇಟ್ಟದ್ದೆಂದು ಆಮೇಲೆ ಯಾರಿಗೂ ಹೇಳಲಾಗಲಿಲ್ಲ.