‘ನೀಲಿ ಸ್ಕೂಟರ್’ನ ಎರಡನೇ ಮಗ್ಗುಲು

ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಟೇಪ್‌ರೆಕಾರ್ಡರಿನ ಹೆಡ್ಡನ್ನು ಒರೆಸುತ್ತಿದ್ದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿದರೆ ಬದಲಿಸಬೇಕು. ಮೂರನೆಯದೂ ಕಂದಾಯಿತು. ಉಮ್ಮ, ಖಲೀಲ್ ಮಾಮ, ಸುಧಾಕರ ಮಾಸ್ಟ್ರು ಮೂವರೂ ನೋಡುತ್ತಾ ಕೂತಿದ್ದರು. ನಾಲ್ಕನೆಯದು ಬಿಳಿಯಾಗಿಯೇ ಬಂತು. ನಾನು ತಲೆಯಾಡಿಸಿದೆ. ಮಾಸ್ಟ್ರು ಗಿಟಾರ್ ಎತ್ತಿಕೊಂಡರು.

ಖಲೀಲ್ ಮಾಮ ಉಮ್ಮನ, ಅಂದರೆ ನನ್ನ ತಾಯಿಯ, ತಮ್ಮ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರ ಅವನಿಗೆ ಕ್ಯಾಸೆಟ್ ಅಂಗಡಿ. ಬೇರೆಯವರ ಹಾಡು ಮಾರಿ ಮಾರಿ ಸಾಕಾಗಿ, ೧೯೮೪ರಲ್ಲಿ ತಾನೇ ಹತ್ತು ಹಾಡು ಬರೆದ. ಸಿನಿಮಾದ್ದಲ್ಲ, ದೇವರದ್ದಲ್ಲ, ಇದು ನಮ್ಮೂರಿನ ಪಾಪ್ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಪೊಳಲಿಯಲ್ಲಿ ಮಾಸ್ಟ್ರಾಗಿದ್ದ ಸುಧಾಕರ ಗಿಟಾರ್ ಬಾರಿಸಿದರು. ಡ್ರಮ್ಮಿನ ಬದಲು ಬಿಸ್ಕತ್ತಿನ ಡಬ್ಬ ಇತ್ತು. ಕ್ಯಾಸೆಟ್ಟಿಗೆ ‘ನೀಲಿ ಸ್ಕೂಟರ್’ ಎಂದು ಹೆಸರಿಟ್ಟರು. ಇಬ್ಬರಲ್ಲೂ ಸ್ಕೂಟರ್ ಇರಲಿಲ್ಲ.

ರೆಕಾರ್ಡಿಂಗ್ ಬಂಟ್ವಾಳದ ನಮ್ಮ ಮನೆಯಲ್ಲಿ, ಯಾಕೆಂದರೆ ಎರಡು ಕ್ಯಾಸೆಟ್ ಹಾಕುವ ಟೇಪ್‌ರೆಕಾರ್ಡರ್ ಇದ್ದದ್ದು ನಮ್ಮಲ್ಲಿ. ಕಿಟಕಿಗೆ ಹಾಸಿಗೆ ಒರಗಿಸಿ, ಫ್ಯಾನು ನಿಲ್ಲಿಸಿ ಹಾಡಿದರು. ರಸ್ತೆಯಲ್ಲಿ ಬಸ್ಸು ಹಾರ್ನ್ ಮಾಡಿದರೆ ಹಾಡು ಮೊದಲಿನಿಂದ. ಗುಂಡಿ ಒತ್ತುವುದು, ನಿಲ್ಲಿಸುವುದು ನನ್ನ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಮಾತಾಡಬೇಕಾಗಿಲ್ಲದ ಆ ಕೆಲಸ ಸರಿಹೊಂದಿತ್ತು.

ಟೇಪ್‌ರೆಕಾರ್ಡರನ್ನು ದುಬೈಯಿಂದ ಕಳಿಸಿದವನು ಅಣ್ಣ ಯಾಕೂಬ್. ಉಮ್ಮನಿಗೆ ಬರೆಯಲು ಬಾರದು. ಆದ್ದರಿಂದ ಅವಳು ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆ ಮುಗಿಸಿ ಹೋಗುವವರ ಕೈಯಲ್ಲಿ ಕೊಡುತ್ತಿದ್ದಳು. ಅಣ್ಣ ಕೇಳಿ, ಅದರ ಮೇಲೆಯೇ ತನ್ನ ಉತ್ತರ ತುಂಬಿಸಿ, ಅದೇ ಕ್ಯಾಸೆಟ್ಟನ್ನು ಹಿಂದೆ ಕಳಿಸುತ್ತಿದ್ದ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೀಗೆಯೇ. ಆದರೆ ಎಂಟು ತಿಂಗಳಿಂದ ಕ್ಯಾಸೆಟ್ಟುಗಳು ಕಟ್ಟು ಬಿಚ್ಚದೆ ಹಿಂದೆ ಬರುತ್ತಿದ್ದವು. ಅವನು ಆ ರೂಮು ಬಿಟ್ಟಿದ್ದಾನೆ, ಎಲ್ಲಿಗೆ ಹೋದನೋ ಗೊತ್ತಿಲ್ಲ ಎಂದು ತಂದವರು ಹೇಳಿದರು. ಉಮ್ಮ ಯಾರಾದರೂ ಹೊರಟರೆ ಪುನಃ ಮಾತಾಡಿ ಕೊಡುವುದನ್ನು ಬಿಡಲಿಲ್ಲ. ಪೆಟ್ಟಿಗೆಯಲ್ಲಿ ಒಂಬತ್ತು ಕ್ಯಾಸೆಟ್ ಸೇರಿದವು.

ಶನಿವಾರ ಮೂಡುಬಿದಿರೆಯ ಕಾಲೇಜೊಂದರಲ್ಲಿ ವಾರ್ಷಿಕೋತ್ಸವ. ಅಲ್ಲಿ ಮಾರಬೇಕೆಂದು ಮಾಮನ ಆಸೆ. ಖಾಲಿ ಕ್ಯಾಸೆಟ್ಟುಗಳು ಮಂಗಳೂರಿನಿಂದ ಬರಲೇ ಇಲ್ಲ. ಮಾಮ ಪೆಟ್ಟಿಗೆಯನ್ನು ನೋಡಿದ. ಉಮ್ಮ ಮಾಮನನ್ನು ನೋಡಿದಳು.

“ತೆಕ್ಕೊ,” ಎಂದಳು. “ಕೇಳುವವನೇ ಇಲ್ಲದ ಮಾತು. ಹಾಡಾದರೂ ಇರಲಿ.”

ಒಂಬತ್ತಕ್ಕೂ ಹಾಡು ತುಂಬಿಸಿದವಳು ನಾನು. ಮೊದಲ ಮಗ್ಗುಲು ಭರ್ತಿಯಾಯಿತು. ಎರಡನೇ ಮಗ್ಗುಲಿನಲ್ಲಿ ಹಾಡುಗಳು ಇಪ್ಪತ್ತೆರಡು ನಿಮಿಷಕ್ಕೆ ಮುಗಿದವು, ನಾನು ನಿಲ್ಲಿಸಿದೆ. ಉಳಿದ ಎಂಟು ನಿಮಿಷದಲ್ಲಿ ಉಮ್ಮ ಹಾಗೆಯೇ ಇದ್ದಳು. ಮೂರನೇ ಕ್ಯಾಸೆಟ್ಟಿಗೆ ಬರುವಾಗ ಇದು ನನಗೆ ಗೊತ್ತಾಯಿತು. ಗುಂಡಿ ಒತ್ತಿ ಬಿಟ್ಟಿದ್ದರೆ ಅಳಿಸಿಹೋಗುತ್ತಿತ್ತು. ಒತ್ತಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಐದು ಕ್ಯಾಸೆಟ್ ಕಾಲೇಜಿನಲ್ಲಿ ಹೋದವು, ನಾಲ್ಕು ಬೆಳ್ತಂಗಡಿ ಪೇಟೆಯಲ್ಲಿ. ಮರುವಾರ ಹಾಸ್ಟೆಲಿನ ಹುಡುಗರು ಮಾಮನ ಅಂಗಡಿಗೆ ಬಂದರು. ದಾವಣಗೆರೆ ಕಡೆಯವರು, ಉಮ್ಮ ಆಡುವ ಬ್ಯಾರಿ ಮಾತು ಒಂದಕ್ಷರ ಗೊತ್ತಿಲ್ಲ. ಕೊನೆಯಲ್ಲಿ ಬರುವ ಅಜ್ಜಿ ಫಸ್ಟ್‌ಕ್ಲಾಸ್, ಅವರದ್ದೇ ಬೇರೆ ಕ್ಯಾಸೆಟ್ ಇದೆಯಾ ಎಂದು ಕೇಳಿದರು. ಉಮ್ಮನಿಗೆ ಆಗ ನಲವತ್ತಾರು ವರ್ಷ. ಬೆಳ್ತಂಗಡಿಯಲ್ಲಿ ಮಾತು ತಿಳಿಯುವವರಿದ್ದರು. ಒಂದೊಂದು ಕ್ಯಾಸೆಟ್ಟಿನಲ್ಲಿ ಒಂದೊಂದು ಸುದ್ದಿ ಇದ್ದುದರಿಂದ, ಅವರು ಪರಸ್ಪರ ಬದಲಿಸಿಕೊಂಡು ಕಾಪಿ ಮಾಡಿಸಿದರು. ಅಡಿಕೆ ವ್ಯಾಪಾರಿಯೊಬ್ಬರು ಮಾಮನನ್ನು ಬಸ್ಸಿನಲ್ಲಿ ಹಿಡಿದು, ಉಮ್ಮನ ಆಡಿನ ಕಾಲು ಗುಣವಾಯಿತಾ ಎಂದು ವಿಚಾರಿಸಿದರು. ಹಾಡು ಹೇಗುಂಟು ಎಂದು ಮಾಮ ಕೇಳಿದ್ದಕ್ಕೆ, ಹಾಡಿನಿಂದ ತೊಂದರೆ ಏನಿಲ್ಲ ಎಂದರಂತೆ.

“ಆರು ತಿಂಗಳು ಬೆರಳು ಸವೆಸಿದ್ದೇನೆ ಮಾರಾಯ,” ಎಂದರು ಸುಧಾಕರ ಮಾಸ್ಟ್ರು. “ಹೆಸರು ಬಂದದ್ದು ಆಡಿಗೆ.”

ಆಮೇಲೆ ಅವ್ವಮ್ಮ ಬಂದರು. ಅವರು ಉಮ್ಮನಿಗೆ ದೊಡ್ಡಮ್ಮನ ಮಗಳು. ಅವರ ಮಗಳ ಮದುವೆಯ ಬಿರಿಯಾನಿಗೆ ಉಪ್ಪು ಕಮ್ಮಿ ಎಂದು ಉಮ್ಮ ಒಂದು ಕ್ಯಾಸೆಟ್ಟಿನಲ್ಲಿ ಅಣ್ಣನಿಗೆ ಹೇಳಿದ್ದಳು. ಅವ್ವಮ್ಮ ಚಾವಡಿಯಲ್ಲಿ ಕೂತು, ನಾನು ತಂದ ಚಹಾವನ್ನು ಮುಟ್ಟಲಿಲ್ಲ.

“ಉಪ್ಪು ಕಮ್ಮಿ ಇತ್ತಲ್ಲ?” ಎಂದಳು ಉಮ್ಮ.

“ಇತ್ತು ಮೈಮೂನಾ. ಅದನ್ನು ಶಾರ್ಜಾದವರಿಗೆ ಯಾಕೆ ಹೇಳ್ಬೇಕು? ನನ್ನ ಅಳಿಯನನ್ನು ಅಲ್ಲಿ ಉಪ್ಪಿಲ್ಲದ ಪುದಿಯಾಪ್ಳೆ ಅಂತ ಕರೀತಾರೆ.”

ಪುದಿಯಾಪ್ಳೆ ಎಂದರೆ ಮದುಮಗ. ಉಮ್ಮ ನಗಲಿಲ್ಲ. ಆ ಕ್ಯಾಸೆಟ್ಟು ಶಾರ್ಜಾದಲ್ಲಿ ಉಂಟಾ ಎಂದು ಕೇಳಿದಳು. ರಜೆಗೆ ಬಂದವರು ಕಾಪಿ ಕೊಂಡುಹೋಗಿದ್ದಾರೆ, ಶಾರ್ಜಾ, ದುಬೈ, ಅಬುಧಾಬಿ, ನಮ್ಮವರಿರುವ ರೂಮುಗಳಲ್ಲೆಲ್ಲ ಉಂಟು, ಶುಕ್ರವಾರ ಊಟವಾದ ಮೇಲೆ ಹಾಕಿ ಕೇಳುತ್ತಾರೆ ಎಂದರು ಅವ್ವಮ್ಮ. ಉಮ್ಮ ಮೂರು ಸಲ ಅದನ್ನೇ ಕೇಳಿದಳು. ಮೂರನೇ ಸಲ ಹೇಳುವಾಗ ಅವ್ವಮ್ಮ ಚಹಾ ಕುಡಿಯುತ್ತಿದ್ದರು.

ಅದೇ ವಾರ ಮಾಮ ಐವತ್ತು ಹೊಸ ಕ್ಯಾಸೆಟ್ ತಂದ. ಹಾಡುಗಳು ಅವೇ. ಕೊನೆಯ ಎಂಟು ನಿಮಿಷ ಉಮ್ಮನಿಗೆ ಬಿಟ್ಟುಕೊಟ್ಟ. ಅವಳು ಹೊಸ ಬಟ್ಟೆ ಉಟ್ಟು ಮೈಕಿನ ಮುಂದೆ ಕೂತಳು. ಊರವರೆಲ್ಲ ಕೇಳುತ್ತಾರೆಂದು ಗೊತ್ತಾದ ಮೇಲೆ ಅವಳಿಂದ ಮೊದಲಿನ ಹಾಗೆ ಮಾತಾಡಲಾಗಲಿಲ್ಲ. ರೇಡಿಯೋದವರ ಹಾಗೆ ಎಲ್ಲರ ಕ್ಷೇಮ ವಿಚಾರಿಸಿದಳು. ಬಿಸಿಲಿಗೆ ಹೋಗಬೇಡಿ ಎಂದಳು. ಅವ್ವಮ್ಮನ ಮನೆಯ ಬಿರಿಯಾನಿ ರುಚಿಯಾಗಿತ್ತು ಎಂದಳು. ಅಣ್ಣನ ಹೆಸರು ಬಾಯಿಗೆ ಬರಲಿಲ್ಲ. ಏಳು ನಿಮಿಷ ಹೀಗೆ ಹೋಯಿತು. ಆಮೇಲೆ ಅವಳು ನನ್ನನ್ನು ನೋಡಿದಳು. ನಿಲ್ಲಿಸು ಎಂದಿರಬೇಕು. ನಾನು ನಿಲ್ಲಿಸಲಿಲ್ಲ, ಮೈಕನ್ನು ನನ್ನ ಕಡೆ ಎಳೆದುಕೊಂಡೆ.

ಐವತ್ತೂ ಹೋದವು. ಬಿಸಿಲಿನ ಬಗ್ಗೆ ಉಮ್ಮ ಹೇಳಿದ್ದು ಸರಿ ಎಂದು ಗಲ್ಫಿನಿಂದ ಆರು ಕಾಗದ ಬಂದವು. ಮೂರನೇ ಹಾಡನ್ನು ಮೆಚ್ಚಿ ಒಂದು ಬಂತು, ಮಾಮ ಅದನ್ನು ಅಂಗಡಿಯಲ್ಲಿ ಅಂಟಿಸಿದ. ನಾನು ಮೈಕಿನಲ್ಲಿ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಕೇಳಿದ್ದು ಇಷ್ಟೇ:

“ಯಾಕೂಬಣ್ಣ, ನಾನು ಶಹರ್ಬಾನು. ಈಗ ಯಾವ ರೂಮಿನಲ್ಲಿದ್ದಿ ಅಂತ ಒಂದು ಕಾಗದ ಹಾಕು.”