ಸೊನ್ನೆ ತೋರಿಸಿದ ಮೂಗು

ಆ ಮಧ್ಯಾಹ್ನ ನನಗೆ ವಾಸನೆ ಬರಲೇ ಇಲ್ಲವೇ, ಅಥವಾ ಚೂರು ಬಂದಿದ್ದೂ ಸುಮ್ಮನಿದ್ದೆನೇ? ಎಷ್ಟು ಯೋಚಿಸಿದರೂ ಇದೊಂದು ಬಗೆಹರಿಯುವುದಿಲ್ಲ.

ನಾನು ಅಮೋನಿಯಾ ಸೋರಿದರೆ ಕೂಗಿ ಹೇಳುವ ಯಂತ್ರ. ಪುಣೆಯ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಅಂಕಿ ತೋರಿಸುವ ಫಲಕ, ಒಂದು ಸೈರನ್, ಕೆಳಗೆ ಗುಂಡನೆಯ ಮೂಗು, ಇಷ್ಟೇ ನನ್ನ ಮೈ. ಬ್ಯಾಡಗಿಯ ಹೊರಗಿನ ಒಂದು ಕೋಲ್ಡ್ ಸ್ಟೋರೇಜಿಗೆ ಬಂದು ಕಂಪ್ರೆಸರ್ ಕೋಣೆಯ ಬಾಗಿಲ ಮೇಲೆ ನೆಲೆಯಾದೆ. ಮೆಣಸಿನಕಾಯಿ ಚೀಲಗಳನ್ನು ತಂಪಾಗಿಡುವ ಅಮೋನಿಯಾ ಅಲ್ಲಿನ ಪೈಪುಗಳಲ್ಲಿ ಹರಿಯುತ್ತಿತ್ತು.

ಆಪರೇಟರ್ ಅಡಿವೆಪ್ಪ ಇಪ್ಪತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ಗಂಧಕದ ಬತ್ತಿ ಹಚ್ಚಿ ಪೈಪಿನ ಒಂದೊಂದು ಜೋಡಣೆಗೂ ಹಿಡಿಯುತ್ತಿದ್ದ. ಸೋರುವ ಕಡೆ ಬಿಳಿ ಹೊಗೆ ಏಳುತ್ತಿತ್ತು. ನನ್ನನ್ನು ಕೂರಿಸಿದ ದಿನ ಸಣ್ಣ ಸಿಲಿಂಡರಿನಿಂದ ಒಂದಿಷ್ಟು ಗ್ಯಾಸನ್ನು ನನ್ನ ಮೂಗಿಗೆ ಬಿಟ್ಟರು. ನಾನು ಕಿರುಚಿದೆ. ಅವನು ನಕ್ಕುಬಿಟ್ಟ.

"ಭಾರಿ ಚುರುಕ್ ಐತಲೇ ಇದು! ಮೆಣಸಿನಕಾಯಿ ಧೂಳ ಕುಡದು ನನ್ನ ಮೂಗು ಸತ್ತು ಎಷ್ಟೋ ವರ್ಷಾತು. ಇನ್ನ ನೀನ ನನ್ನ ಮೂಗು, ತಮ್ಮಾ."

ಆ ವಾರವೇ ಬತ್ತಿಯ ಡಬ್ಬಿ ಕಪಾಟು ಸೇರಿತು.

ಆರು ತಿಂಗಳಿಗೊಮ್ಮೆ ನನ್ನನ್ನು ಪರೀಕ್ಷಿಸಲು ಪ್ರವೀಣ ಎಂಬವನು ಬರುತ್ತಿದ್ದ. ಮೊದಲೆರಡು ಸಲ ಸಿಲಿಂಡರ್ ತಂದ. ಆಮೇಲೆ ಬರಿಗೈಯಲ್ಲೇ ಬಂದು ನನ್ನ ಪಕ್ಕದ ಗುಂಡಿ ಒತ್ತತೊಡಗಿದ. ಗುಂಡಿ ಒತ್ತಿದರೆ ಸೈರನ್ ಸರಿಯಿದೆಯೆಂದು ಗೊತ್ತಾಗುತ್ತದೆ, ಅಷ್ಟೇ. ಮೂಗಿನ ಸುದ್ದಿ ತಿಳಿಯುವುದಿಲ್ಲ.

"ಗ್ಯಾಸ್ ಬಿಟ್ಟು ನೋಡಂಗಿಲ್ಲೇನ್ರಿ?" ಎಂದು ಅಡಿವೆಪ್ಪ ಕೇಳಿದ.

"ಊರಿಗೆಲ್ಲಾ ಕೇಳೂಹಂಗ ಹೊಯ್ಕೊಳ್ಳಾಕ ಹತ್ತೈತಿ, ಇನ್ನೇನ್ ಬೇಕ್ರೀ ಕಾಕಾ? ಸಹಿ ಹಾಕ್ರಿ."

ಅಡಿವೆಪ್ಪ ಹಾಕಿದ.

ಮೂರನೆಯ ವರ್ಷ ನನ್ನ ಮೂಗು ಮಂಕಾಯಿತು. ನನಗದು ತಿಳಿಯಿತು. ಗುಂಡಿ ಒತ್ತಿದಾಗ ಒಂದೇ ಒಂದು ಸಲ ನಾನು ಕಿರುಚದೆ ಇದ್ದಿದ್ದರೆ ಬಿಚ್ಚಿ ನೋಡುತ್ತಿದ್ದರು. ಆದರೆ ನಾನು ಮೊದಲಿಗಿಂತ ಜೋರಾಗಿ ಕಿರುಚಿದೆ. ಅಡಿವೆಪ್ಪ "ಶಾಬಾಸ್" ಅನ್ನುತ್ತಿದ್ದ, ಅದು ಹಿತವಾಗಿತ್ತು.

ಮೆಣಸಿನಕಾಯಿ ರಾಶಿ ರಾಶಿ ಬರುವ ದಿನಗಳವು. ಆ ಮಧ್ಯಾಹ್ನ ಅಡಿವೆಪ್ಪ ಬಾಗಿಲಲ್ಲಿ ನಿಂತು ಕೆಮ್ಮಿದ. ಉರಿಯುವ ಕಣ್ಣು ಒರೆಸಿಕೊಂಡು ತಲೆಯೆತ್ತಿ ನನ್ನನ್ನೇ ನೋಡಿದ. ನಾನು ಸೊನ್ನೆ ತೋರಿಸುತ್ತಿದ್ದೆ.

"ಸೊನ್ನಿ ಐತಿ. ಮೆಣಸಿನಕಾಯಿ ಘಾಟ ಇದು" ಎಂದುಕೊಂಡು ಮಾಸ್ಕ್ ಹಾಕದೆ ಒಳಗೆ ಹೋದ.

ಅವನು ವಾಲ್ವಿನ ಹತ್ತಿರ ಬಾಗಿದಾಗ ಅದರ ಸಂದು ಮುಚ್ಚಿದ್ದ ಪ್ಯಾಕಿಂಗ್ ಕಿತ್ತುಬಂದು ಅಮೋನಿಯಾ ಮುಖಕ್ಕೆ ಹೊಡೆಯಿತು. ಹಮಾಲರು ಎಳೆದು ತಂದು ಕೊಡಗಟ್ಟಲೆ ನೀರು ಸುರಿದರು. ಜೀವ ಉಳಿಯಿತು. ಬಲಗಣ್ಣು ಹೋಯಿತು. ಆಗಲೂ ನಾನು ಸೊನ್ನೆಯನ್ನೇ ತೋರಿಸುತ್ತಿದ್ದೆ.

ನನ್ನ ಜಾಗಕ್ಕೆ ಹೊಸ ಯಂತ್ರ ಬಂತು. ನಾನೀಗ ಗೇಟಿನ ಬಳಿ ವಾಚ್‌ಮನ್ ಕೋಣೆಯ ಕಿಟಕಿಯಲ್ಲಿದ್ದೇನೆ. ವಾಚ್‌ಮನ್ ಅಡಿವೆಪ್ಪನೇ. ದಿನಾ ಬೆಳಿಗ್ಗೆ ಹೊಸ ಆಪರೇಟರನ ಕೈಗೆ ಗಂಧಕದ ಬತ್ತಿ ಕೊಟ್ಟು, ಅದು ಉರಿಯುವವರೆಗೆ ನಿಂತು ಬರುತ್ತಾನೆ. ಬಂದವನು ಧೋತರದ ಚುಂಗಿನಿಂದ ನನ್ನ ಮೇಲಿನ ಧೂಳು ಒರೆಸುತ್ತಾನೆ.

"ನಿಂದೇನ್ ತಪ್ಪೋ ತಮ್ಮಾ. ಗ್ಯಾಸ್ ಬಿಟ್ಟು ನೋಡಿಲ್ಲಂತ ಗೊತ್ತಿದ್ದೂ ಸಹಿ ಹಾಕಿದಾಂವ ನಾನು" ಎಂದ ಒಂದು ದಿನ.

ನನ್ನ ಮೂಗು ಸತ್ತಿದೆಯೆಂದು ನಾನು ಅವನಿಗೆ ಒಮ್ಮೆಯೂ ಹೇಳಲಿಲ್ಲ.